ಒಂದು ಹಲ್ಲಿಗೆ ಎರಡರ ಬಲಿ

ರಟ್ಟೀಹಳ್ಳಿಗೆ ಹೋದಾಗ ಅಪ್ಪ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಕೆಳಗಿನ ಒಂದು ದವಡೆ ಹಲ್ಲು ಕೀಳಿಸಿದ್ದರಂತೆ.

"ಡಾಕ್ಟ್ರು ಬ್ರಿಜ್ ಕೂಡಸ್ತೀನಿ ಅಂದಾರ" ಅಂದರು.

ಈ ಬ್ರಿಜ್ಜಿಗೆ ಅಕ್ಕಪಕ್ಕದ ಹಲ್ಲುಗಳೇ ಕಂಬ. ಅವನ್ನು ಸುತ್ತಲೂ ಸವೆಸಿ ಟೋಪಿ ಹಾಕುತ್ತಾರೆ. ಸವೆಸಿದ ಎನಾಮಲ್ ಮತ್ತೆ ಬೆಳೆಯೋದಿಲ್ಲ ಅಂತ ಅಪ್ಪನಿಗೆ ಯಾರೂ ಹೇಳಿರಲಿಲ್ಲ! ಪಕ್ಕದವು ಮೊದಲೇ ಹುಳುಕಾಗಿ ಟೋಪಿ ಬೇಕಿದ್ದರೆ ಬ್ರಿಜ್ ಸರಿ. ಗಟ್ಟಿ ಹಲ್ಲನ್ನೇ ಸವೆಸೋದಾದರೆ, ತೆಗೆದು ಹಾಕುವ ಹಲ್ಲು, ಇಂಪ್ಲಾಂಟ್ ಎರಡರ ಬಗ್ಗೆಯೂ ಮೊದಲು ಕೇಳಬೇಕು ಅನ್ನೋದು ನನ್ನ ವಾದ, ನೀವೇನಂತೀರೋ. ಹಾಗಂತ ಸುಮ್ಮನೆ ಖಾಲಿ ಬಿಟ್ಟರೆ ಪಕ್ಕದ್ದು ವಾಲಬಹುದು, ಮೇಲಿನದು ಇಳಿಯಬಹುದು.

ಖರ್ಚಿನ ಮಾತು ಬಂದಾಗ ದಂತಭಾಗ್ಯ ನೆನಪಾಯ್ತು. ೨೦೧೪-೧೫ರಲ್ಲಿ ಸರ್ಕಾರ ಅದನ್ನು ಶುರು ಮಾಡಿದ್ದು ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ಪೂರ್ತಿ ಸೆಟ್ ಕೊಡಲು.

"ಹಂಗಾದ್ರ ಉಳಿದವೂ ಬೀಳ್ಲಿ ಅಂತ ಕಾಯ್ಲೇನು?" ಅಂದರು ಅಪ್ಪ.