ಕಡ್ಡಿ ಸರಿಸಿದ ಕೈ

ಇಂದು ಯಾರೂ ನೋಡಲಾಗದ ಚಿತ್ರವೊಂದು ನಮ್ಮನ್ನು ಸೆಳೆಯುವುದು ಏಕೆ? ದಾದಾಸಾಹೇಬ್ ಫಾಲ್ಕೆ 1915ರಲ್ಲಿ ತೆಗೆದ 'ಆಗಕಾಡ್ಯಾಂಚೀ ಮೌಜ್' ಮೂಕಿಚಿತ್ರದಲ್ಲಿ ಬೆಂಕಿಕಡ್ಡಿಗಳೇ ಪಾತ್ರಧಾರಿಗಳು. ಅದರ ಪ್ರತಿ ಎಲ್ಲೂ ಸಿಕ್ಕಿಲ್ಲ. ಆದರೂ ಭಾರತದ ಅನಿಮೇಷನ್ ಚರಿತ್ರೆ ಹೇಳುವವರು ಅಲ್ಲಿಂದಲೇ ಶುರುಮಾಡುತ್ತಾರೆ.

ಕೈಗೆ ಸಿಗದ್ದಕ್ಕೆ ಬೆಲೆ ಜಾಸ್ತಿ, ಅಷ್ಟೇ ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ' ಕೂಡ ಉಳಿದಿಲ್ಲ. ಅದರೊಂದಿಗೆ ನಟರ ಮುಖ, ದನಿ, ನಡೆ ಎಲ್ಲವೂ ಹೋದವು. ಯಾವ ಕಲ್ಪನೆಯೂ ಅವನ್ನು ತುಂಬಿಕೊಡಲಾರದು. ಅನಿಮೇಷನ್ನಿನ ಸಂಗತಿ ಬೇರೆ. ಅಲ್ಲಿ ಕಾಣುವ ಚಲನೆ ಕ್ಯಾಮೆರಾದ ಮುಂದೆ ನಡೆದೇ ಇರುವುದಿಲ್ಲ. ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಬೇಕು, ಕೈ ಹಿಂದೆಗೆಯಬೇಕು, ಒಂದು ಫ್ರೇಮ್ ತೆಗೆಯಬೇಕು, ಮತ್ತೆ ಸರಿಸಬೇಕು. ಸೆಕೆಂಡಿಗೆ 16 ಫ್ರೇಮಿನಂತೆ ಹಿಡಿದರೂ ಒಂದು ನಿಮಿಷಕ್ಕೆ 960 ಚಿತ್ರ. ರೀಲು ಹಾಳಾದರೂ ಈ ದುಡಿಮೆಯ ಕ್ರಮ ನಮಗೆ ಗೊತ್ತಿದೆ. ಮನಸ್ಸು ಕಡ್ಡಿಗಿಂತ ಹೆಚ್ಚಾಗಿ ಅದನ್ನು ಸರಿಸಿದ ಕೈಯನ್ನು ಹುಡುಕುತ್ತದೆ.

ಆ ಕೈ ಪಳಗಿದ್ದರಲ್ಲಿ ವಡೋದರಾದ ಪಾಲಿದೆ. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರು 1890ರಲ್ಲಿ ತೆರೆದ ಕಲಾಭವನದಲ್ಲಿ ಫಾಲ್ಕೆ ಚಿತ್ರಕಲೆ, ಫೋಟೋಗ್ರಫಿ ಕಲಿತರು. ಅದನ್ನು ಕಟ್ಟಿ ನಿಲ್ಲಿಸಿದವರು ಸೂರತ್ತಿನ ರಸಾಯನ ವಿಜ್ಞಾನಿ ತ್ರಿಭುವನದಾಸ್ ಗಜ್ಜರ್. ಕಲೆಯನ್ನೂ ಕಸುಬನ್ನೂ ಒಂದೇ ಸೂರಿನಡಿ ಕಲಿಸಿದ ಶಾಲೆ ಅದು. 1912ರಲ್ಲಿ ಲಂಡನ್ನಿನಿಂದ ಕ್ಯಾಮೆರಾ ತಂದ ಫಾಲ್ಕೆ, ಕುಂಡದಲ್ಲಿ ಕಾಳೊಂದು ಮೊಳೆತು ಬೆಳೆಯುವುದನ್ನು ದಿನದಿನವೂ ಇಷ್ಟಿಷ್ಟೇ ಸೆರೆಹಿಡಿದರು. ಅವರ 'ರಾಜಾ ಹರಿಶ್ಚಂದ್ರ' ಚಿತ್ರಕ್ಕೆ ಸಾಲ ಹುಟ್ಟಿದ್ದು ಅದನ್ನು ತೋರಿಸಿದ ಮೇಲೆ.

ಅರ್ಧ ಉಳಿದರೂ ಅನಿಮೇಷನ್ ಚಿತ್ರಗಳು ಪೂರ್ತಿ ಮಾತಾಡುತ್ತವೆ. 1917ರ ಜಪಾನಿ ಚಿತ್ರ 'ನಮಾಕುರಾ ಗತಾನಾ' ಈ ಶತಮಾನದಲ್ಲಿ ಒಸಾಕಾದಲ್ಲಿ ಹಳೆ ಸಾಮಾನುಗಳ ನಡುವೆ ಸಿಕ್ಕಿತು. ಮೊಂಡು ಕತ್ತಿ ಕೊಂಡ ಸಮುರಾಯಿಯೊಬ್ಬ ಅದನ್ನು ದಾರಿಹೋಕರ ಮೇಲೆ ಪ್ರಯೋಗಿಸಹೋಗಿ ತಾನೇ ಪೆಟ್ಟು ತಿನ್ನುವ ಪುಟ್ಟ ಕಥೆ. ಅವನ ಕಣ್ಣುಗುಡ್ಡೆ ಹೊರಳುವ ಒಂದು ಗಳಿಗೆ ಸಾಕು, ಬಿಡಿಸಿದವನ ತುಂಟತನ ತಿಳಿಯುತ್ತದೆ.

ಹಾಗೆಂದು ಕಳೆದುಹೋದದ್ದನ್ನೇ ಕೊಂಡಾಡುವುದು ತಪ್ಪು. ಆ ಕಾಲದ ನೈಟ್ರೇಟ್ ಫಿಲಂ ಬೇಗ ಹೊತ್ತಿಕೊಳ್ಳುತ್ತದೆ, ತಾನಾಗಿಯೇ ಕೊಳೆಯುತ್ತದೆ. ಅದರಲ್ಲಿನ ಬೆಳ್ಳಿಯ ಆಸೆಗೆ ಕರಗಿಸಿದವರೂ ಇದ್ದರು. ಇದರಲ್ಲಿ ನಿಗೂಢವೇನಿಲ್ಲ, ಇರುವುದು ಅಸಡ್ಡೆ. ಜೋಪಾನ ಮಾಡಿದರೆ ಉಳಿಯುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಿಂದ 1972ರವರೆಗೆ ಧ್ವನಿಮುದ್ರಿಸಿದ ಎಲೆಕ್ಟ್ರಾನಿಕ್ ಸಂಗೀತದ ಟೇಪುಗಳು ದಶಕಗಳ ನಂತರ ಅಲ್ಲಿನ ಭಂಡಾರದಲ್ಲೇ ದೊರೆತವು. ಯಾರೋ ಎಸೆಯದೆ ಇಟ್ಟಿದ್ದರು, ಹಾಗಾಗಿ. ಅದೇ ಸಂಸ್ಥೆ ಇಂದು ಅನಿಮೇಷನ್ ಕಲಿಸುತ್ತದೆ. ಅಲ್ಲಾಗಲಿ ನಮ್ಮ ಬೆಂಗಳೂರಿನ ಸ್ಟುಡಿಯೋಗಳಲ್ಲಾಗಲಿ ಮುಗಿದ ಚಿತ್ರವನ್ನು ಮಾತ್ರ ಕಾಪಿಟ್ಟರೆ ಸಾಲದು. ಗೀಚಿ ಬಿಟ್ಟ ಹಾಳೆ, ಕತ್ತರಿಸಿದ ಕಾಗದದ ಕೈಕಾಲು, ಫ್ರೇಮಿನ ಲೆಕ್ಕ ಬರೆದ ನೋಟ್‌ಬುಕ್ಕು, ಇವಕ್ಕೂ ಬೀರುವಿನಲ್ಲಿ ಜಾಗ ಬೇಕು.