ಸಾಲ್ಮನ್‌ಗೆ ಮಣೆ, ಬಂಗುಡೆಗೆ ಹೊರಬಾಗಿಲೇ?

ಕೆಲಸ ಮುಗಿಸಿ ಸಂಜೆ ಏಳಕ್ಕೆ ಮನೆ ಸೇರುವವರನ್ನು ದಿನವೂ ಕಾಡುವ ಪ್ರಶ್ನೆ ಒಂದೇ. ರಾತ್ರಿ ಊಟಕ್ಕೆ ಏನು ಮಾಡುವುದು? ಮಧ್ಯಾಹ್ನದ ಸಾರನ್ನೇ ಬಿಸಿ ಮಾಡಿ, ಜತೆಗೆ ಎರಡು ಹಪ್ಪಳ ಕರಿದು ಮುಗಿಸುವ ಮನೆಗಳೆಷ್ಟೋ. ಹೊರಗಿನಿಂದ ತಂದ ಎಣ್ಣೆ ತಿಂಡಿಯಲ್ಲೇ ರಾತ್ರಿ ಕಳೆಯುವ ಮನೆಗಳೂ ಕಡಿಮೆಯೇನಲ್ಲ. ಅಮೆರಿಕ, ಯುರೋಪುಗಳ ದುಡಿಯುವ ದಂಪತಿಗಳು ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರಗಳಲ್ಲಿ ಸಾಲ್ಮನ್ ಮೀನೂ ಒಂದು. ಮೀನಿನ ತುಂಡಿಗೆ ಸೋಯಾ ಸಾಸ್, ಜೇನುತುಪ್ಪ, ಬೆಳ್ಳುಳ್ಳಿ, ಲಿಂಬೆರಸ ಕೂಡಿಸಿದ ಪಾಕವನ್ನು ಸವರಿ, ಓವನ್‌ನಲ್ಲಿಟ್ಟು ಕಾಲು ಗಂಟೆಯಲ್ಲಿ ತೆಗೆದರೆ ಊಟ ಸಿದ್ಧ. ಪಾಕವು ಮೀನಿನ ಮೈಗೆ ಅಂಟಿ ಮಿರಮಿರನೆ ಹೊಳೆಯುವುದರಿಂದ ಇದಕ್ಕೆ ‘ಗ್ಲೇಜ್ಡ್ ಸಾಲ್ಮನ್’ ಎಂಬ ಹೆಸರು.

ವಿದೇಶದಲ್ಲಿರುವ ಮಕ್ಕಳ ಮನೆಯಲ್ಲಿ ಇದರ ರುಚಿ ನೋಡಿ ಬಂದ ತಂದೆತಾಯಿಯರು ನಮ್ಮ ನಡುವೆ ಸಾಕಷ್ಟಿದ್ದಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಆಮದು ಸಾಲ್ಮನ್ ಸಿಗುತ್ತದೆ. ‘ಹೃದಯಕ್ಕೆ ಒಳ್ಳೆಯದಂತೆ, ದುಬಾರಿಯಾದರೂ ತರೋಣವೇ?’ ಎಂಬ ಯೋಚನೆ ಬರುವುದು ಸಹಜ. ನನ್ನ ಅಭಿಪ್ರಾಯ ಇಷ್ಟು: ಆ ಊಟದ ಕ್ರಮವನ್ನು ಅಗತ್ಯವಾಗಿ ಕಲಿಯಿರಿ. ಆದರೆ ಅದಕ್ಕಾಗಿ ಸಾಲ್ಮನ್ ಕೊಳ್ಳಬೇಕಾದ ಅಗತ್ಯವಿಲ್ಲ. ಅದರಿಂದ ದೊರೆಯುವ ಲಾಭವನ್ನು ನಮ್ಮ ಕರಾವಳಿಯ ಬಂಗುಡೆ, ಬೂತಾಯಿಗಳೇ ಕೊಡುತ್ತವೆ.

ಹೃದಯದ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಒಂದು ಭಾಗ 2007ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53. ಉಳಿದ ದೇಶಗಳವರಿಗೆ ಸುಮಾರು 59. ಮಕ್ಕಳ ಓದು, ಮದುವೆ ಇನ್ನೂ ಮುಗಿಯದಿರುವ ವಯಸ್ಸಿನಲ್ಲೇ ನಮ್ಮವರಿಗೆ ಈ ಪೆಟ್ಟು ಬೀಳುತ್ತಿದೆ. ಆದ್ದರಿಂದ ರಾತ್ರಿಯ ತಟ್ಟೆಯಲ್ಲಿ ಏನಿದೆ ಎಂಬುದು ಕೇವಲ ರುಚಿಯ ವಿಚಾರವಾಗಿ ಉಳಿದಿಲ್ಲ.

ಮೀನಿನ ಕೊಬ್ಬಿನ ಮಹತ್ವ

ಮೀನುಗಳಲ್ಲಿ ಕೊಬ್ಬು ಕಡಿಮೆ ಇರುವವು, ಹೆಚ್ಚು ಇರುವವು ಎಂದು ಎರಡು ಬಗೆ. ಸಾಲ್ಮನ್ ಎರಡನೆಯ ಬಗೆಗೆ ಸೇರಿದೆ. ಸಾಕಿದ ಸಾಲ್ಮನ್‌ನ ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನು, 13 ಗ್ರಾಂ ಕೊಬ್ಬು ಇರುತ್ತದೆ. ಈ ಕೊಬ್ಬಿನಲ್ಲಿ ಒಮೇಗಾ-3 ಎಂಬ ಕೊಬ್ಬಿನಾಮ್ಲಗಳಿವೆ. ಇವು ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ತಗ್ಗಿಸುತ್ತವೆ. ಗರ್ಭದಲ್ಲಿರುವ ಶಿಶುವಿನ ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೂ ಬೇಕಾಗುತ್ತವೆ.

ಗ್ರೀನ್‌ಲೆಂಡಿನ ಮೂಲನಿವಾಸಿಗಳ ರಕ್ತವನ್ನು ಪರೀಕ್ಷಿಸಿದ ಡೆನ್ಮಾರ್ಕಿನ ಬ್ಯಾಂಗ್, ಡೈಯರ್‌ಬರ್ಗ್ ಮೊದಲಾದ ವೈದ್ಯರು 1971ರಲ್ಲಿ ತಮ್ಮ ವರದಿ ಪ್ರಕಟಿಸಿದ ಮೇಲೆ ಮೀನಿನ ಕೊಬ್ಬಿನ ಕಡೆಗೆ ಜಗತ್ತಿನ ಗಮನ ಹರಿಯಿತು. 1989ರಲ್ಲಿ ಬ್ರಿಟನ್ನಿನಲ್ಲಿ, ಒಮ್ಮೆ ಹೃದಯಾಘಾತವಾಗಿ ಬದುಕುಳಿದ ಎರಡು ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಿತ್ತು. ವಾರಕ್ಕೆರಡು ಬಾರಿ ಕೊಬ್ಬಿನ ಮೀನು ತಿನ್ನಲು ಸಲಹೆ ಪಡೆದವರಲ್ಲಿ ಎರಡು ವರ್ಷಗಳೊಳಗಿನ ಸಾವು ಶೇ. 29ರಷ್ಟು ಕಡಿಮೆಯಿತ್ತು.

ಆದರೆ ಅನಂತರದ ಎಲ್ಲ ಪ್ರಯೋಗಗಳೂ ಇಷ್ಟು ಒಳ್ಳೆಯ ಫಲ ತೋರಿಸಲಿಲ್ಲ ಎಂಬುದನ್ನೂ ಓದುಗರು ತಿಳಿದಿರಬೇಕು. ಅದರಲ್ಲೂ ಮಾತ್ರೆಯ ರೂಪದ ಮೀನೆಣ್ಣೆ ನಿರಾಸೆ ಮೂಡಿಸಿದೆ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರ ಮೇಲೆ ನಡೆದು 2018ರಲ್ಲಿ ವರದಿಯಾದ ‘ವೈಟಲ್’ ಪ್ರಯೋಗದಲ್ಲಿ, ದಿನಕ್ಕೊಂದು ಗ್ರಾಂ ಮೀನೆಣ್ಣೆ ಸೇವಿಸಿದ ಆರೋಗ್ಯವಂತರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ರಕ್ಷಣೆ ದೊರೆಯಲಿಲ್ಲ. ಅದೇ 2018ರಲ್ಲಿ ಅಮೆರಿಕದ ಹೃದ್ರೋಗ ಸಂಘ ನೀಡಿದ ಸಲಹೆಯಲ್ಲಿ, ವಾರಕ್ಕೆ ಒಂದೆರಡು ಬಾರಿ ಮೀನು ತಿನ್ನುವುದು ಹಿತ, ಅದು ಹೆಚ್ಚು ಜಿಡ್ಡಿನ ಬೇರೆ ಆಹಾರದ ಜಾಗದಲ್ಲಿ ಬಂದಾಗ ಲಾಭ ಇನ್ನೂ ಹೆಚ್ಚು ಎಂದಿದೆ. ಮಾತ್ರೆ ನುಂಗುವುದಕ್ಕಿಂತ ಊಟ ತಿದ್ದಿಕೊಳ್ಳುವುದು ಮುಖ್ಯ ಎಂಬುದೇ ಇದರ ತಾತ್ಪರ್ಯ.

ಹೊಳಪಿನ ಬೆಲೆ

ಗ್ಲೇಜ್ಡ್ ಸಾಲ್ಮನ್ ಮಾಡುವ ಕ್ರಮ ಸರಳ. ಒಬ್ಬರಿಗೆ 150 ಗ್ರಾಂನಷ್ಟು ತುಂಡು. ಓವನ್ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಬೇಕು. ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ಪಾಕವನ್ನು ಕೊನೆಯ ಎರಡು ಮೂರು ನಿಮಿಷಗಳಲ್ಲಿ ಸವರುವುದು ಜಾಣತನ. ಮೊದಲೇ ಸವರಿದರೆ ಅದರಲ್ಲಿರುವ ಸಕ್ಕರೆ ಸೀದು ಕಹಿಯಾಗುತ್ತದೆ.

ಈ ಪಾಕದ ಲೆಕ್ಕವನ್ನು ಸ್ವಲ್ಪ ನೋಡಿ. ನಾಲ್ವರ ಅಡುಗೆಗೆ ಕಾಲು ಕಪ್ ಸೋಯಾ ಸಾಸ್, ಕಾಲು ಕಪ್ ಜೇನುತುಪ್ಪ ಹಾಕಿದರೆ ಒಬ್ಬೊಬ್ಬರ ಪಾಲಿಗೆ ಒಂದೊಂದು ದೊಡ್ಡ ಚಮಚ ಬರುತ್ತದೆ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಇಡೀ ದಿನದ ಮಿತಿ 2,000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು. ಒಂದು ದೊಡ್ಡ ಚಮಚ ಜೇನುತುಪ್ಪದಲ್ಲಿ ನಾಲ್ಕು ಚಿಕ್ಕ ಚಮಚ ಸಕ್ಕರೆಗೆ ಸಮನಾದ ಸಿಹಿ ಇದೆ. ಪಾಕವೆಲ್ಲ ತಟ್ಟೆಗೆ ಬಂದರೆ ಉಪ್ಪಿನ ಮಿತಿಯ ಹತ್ತಿರ ಹತ್ತಿರ ಅರ್ಧ ಒಂದೇ ತುತ್ತಿನ ಪದಾರ್ಥದಲ್ಲಿ ಮುಗಿಯುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಹೃದಯಕ್ಕೆ ಒಳ್ಳೆಯದೆಂದು ಇದನ್ನು ತಿಂದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಗುತ್ತದೆ. ಹೊರದೇಶದಲ್ಲಿರುವ ನಮ್ಮವರು ಪಾಕವನ್ನು ಕಾಲು ಭಾಗಕ್ಕೆ ಇಳಿಸಿ, ಲಿಂಬೆರಸ, ಕಾಳುಮೆಣಸು ಹೆಚ್ಚಿಸಿಕೊಳ್ಳುವುದು ಮೇಲು.

ನಮ್ಮ ಕಡಲಿನ ಕೊಬ್ಬಿನ ಮೀನು

ಬಂಗುಡೆ, ಬೂತಾಯಿಗಳೂ ಕೊಬ್ಬಿನ ಮೀನುಗಳೇ. ಕಾರವಾರದ ಕಡೆ ಬೂತಾಯಿಯನ್ನು ತಾರ್ಲೆ ಎನ್ನುತ್ತಾರೆ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಸಿಗುವ ಬೂತಾಯಿಯಲ್ಲಿ ಎಷ್ಟು ಜಿಡ್ಡಿರುತ್ತದೆಂದರೆ, ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಆಯಿಲ್ ಸಾರ್ಡೀನ್’ ಎಂಬ ಹೆಸರು ಬಂದಿರುವುದೂ ಈ ಗುಣದಿಂದಲೇ.

ಇನ್ನೊಂದು ಸ್ವಾರಸ್ಯದ ಸಂಗತಿ ಇದೆ. ಒಮೇಗಾ-3ರ ಮೂಲ ಇರುವುದು ಕಡಲಿನ ಸೂಕ್ಷ್ಮ ಪಾಚಿಗಳಲ್ಲಿ. ಅವನ್ನು ತಿಂದ ಜೀವಿಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಅದು ಸಾಗುತ್ತದೆ. ನಾರ್ವೆಯಂಥ ದೇಶಗಳಲ್ಲಿ ಬಲೆಯ ಪಂಜರದೊಳಗೆ ಸಾಕುವ ಸಾಲ್ಮನ್‌ಗಳಿಗೆ ಹಾಕುವ ಆಹಾರದಲ್ಲಿ ಬೇರೆ ಬೇರೆ ಕಡಲುಗಳ ಸಣ್ಣ ಮೀನಿನ ಹಿಟ್ಟು, ಎಣ್ಣೆ ಸೇರಿರುತ್ತವೆ. ಆ ಮೀನಿನ ಒಳ್ಳೆಯ ಕೊಬ್ಬು ಹೆಚ್ಚಾಗಿ ಅಲ್ಲಿಂದ ಬಂದದ್ದು. ಕಣ್ಣಿಗೆ ಹಿತವಾಗುವ ಅದರ ಕಿತ್ತಳೆ ಬಣ್ಣ ಕೂಡ ಆಹಾರದಲ್ಲಿ ಬೆರೆಸಿದ ವರ್ಣದ್ರವ್ಯದ್ದು. ನಮ್ಮ ಕರಾವಳಿಯಲ್ಲೂ ಹಿಡಿದ ಬೂತಾಯಿಯ ಒಂದು ಪಾಲು ಮೀನಿನ ಹಿಟ್ಟು, ಎಣ್ಣೆಯ ಕಾರ್ಖಾನೆಗಳಿಗೆ ಹೋಗಿ ಸಾಕಣೆಯ ಸಿಗಡಿ, ಮೀನುಗಳ ಆಹಾರವಾಗುತ್ತದೆ. ನಮ್ಮ ಮಕ್ಕಳ ತಟ್ಟೆಗೆ ಬರಬೇಕಾದದ್ದು ಹಿಟ್ಟಾಗಿ ಊರು ಬಿಡುವಾಗ, ನಾವು ವಿಮಾನದಲ್ಲಿ ಬಂದ ಮೀನಿಗೆ ಕೈಚಾಚುವುದು ವಿಚಿತ್ರವಲ್ಲವೇ?

ಬೂತಾಯಿ ‘ಬಡವರ ಮೀನು’ ಎಂಬ ತಾತ್ಸಾರವೂ ಇದಕ್ಕೆ ಕಾರಣ. ನೆಂಟರು ಬಂದರೆ ಅಂಜಲ್, ಪಾಂಪ್ಲೆಟ್; ಯಾರೂ ಇಲ್ಲದಿದ್ದರೆ ಬೂತಾಯಿ ಎಂಬ ರೂಢಿ ಕರಾವಳಿಯಲ್ಲೂ ಇದೆ. ನಿಜವೆಂದರೆ ಈ ಸಣ್ಣ ಮೀನಿಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ಬೇರೆ ಮೀನನ್ನು ತಿಂದು ಬದುಕುವ ದೊಡ್ಡ ಮೀನುಗಳ ದೇಹದಲ್ಲಿ ಪಾದರಸ ಹೆಚ್ಚು ಸೇರಿಕೊಳ್ಳುತ್ತದೆ. ಅಲ್ಪಾಯುಷಿಯಾದ ಸಣ್ಣ ಮೀನುಗಳಲ್ಲಿ ಅದು ಕಡಿಮೆ. ಗರ್ಭಿಣಿಯರಿಗೂ ಮಕ್ಕಳಿಗೂ ಇವೇ ಯೋಗ್ಯ.

ಮುಂಬಯಿ ಕಡೆಯ ಅಂಗಡಿಗಳಲ್ಲಿ ರಾವಸ್ ಮೀನನ್ನು ‘ಇಂಡಿಯನ್ ಸಾಲ್ಮನ್’ ಎಂದು ಮಾರುತ್ತಾರೆ. ಅದು ರುಚಿಯಾದ ಮೀನೇ ಸರಿ. ಆದರೆ ಸಾಲ್ಮನ್ ಕುಲಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಸರಿಗೆ ಮರುಳಾಗಿ ಹೆಚ್ಚು ಹಣ ಕೊಡಬೇಡಿ.

ಅರ್ಧ ಗಂಟೆಯ ಊಟ

ಮೀನೆಂದರೆ ಭಾನುವಾರದ ಅಡುಗೆ, ಅದಕ್ಕೆ ಬಿಡುವು ಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಮಾಂಸಾಹಾರದಲ್ಲಿ ಮೀನಿನಷ್ಟು ಬೇಗ ಬೇಯುವುದು ಕಡಿಮೆ. ಕುರಿ, ಕೋಳಿಗಳ ಸ್ನಾಯುವನ್ನು ಬಿಗಿದಿಡುವ ನಾರಿನಂಥ ಅಂಗಾಂಶ ಮೀನಿನಲ್ಲಿ ಸ್ವಲ್ಪವೇ ಇದ್ದು, ಅದು ಕಡಿಮೆ ಶಾಖಕ್ಕೇ ಕರಗುತ್ತದೆ. ಹೊತ್ತು ಹಿಡಿಯುವುದು ಮೀನು ಹೆಚ್ಚುವುದು ಮತ್ತು ಮಸಾಲೆ ಅರೆಯುವುದು. ಹೆಚ್ಚುವ ಕೆಲಸವನ್ನು ಮಾರುವವರಿಂದಲೇ ಮಾಡಿಸಿಕೊಳ್ಳಿ. ಮಸಾಲೆಯನ್ನು ಭಾನುವಾರವೇ ಅರೆದಿಟ್ಟುಕೊಳ್ಳಿ.

ನಾಲ್ವರಿಗೆ ನಾಲ್ಕು ಮಧ್ಯಮ ಗಾತ್ರದ ಬಂಗುಡೆ ಸಾಕು. ಎಂಟು ಬ್ಯಾಡಗಿ ಮೆಣಸನ್ನು ಬಿಸಿನೀರಿನಲ್ಲಿ ನೆನೆಸಿ. ಅದಕ್ಕೆ ಆರು ಎಸಳು ಬೆಳ್ಳುಳ್ಳಿ, ಚೂರು ಶುಂಠಿ, ಅರ್ಧ ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಕಾಲು ಚಮಚ ಅರಸಿನ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣು, ಮುಕ್ಕಾಲು ಚಮಚ ಉಪ್ಪು ಸೇರಿಸಿ, ನೀರು ಹೆಚ್ಚಾಗದಂತೆ ಗಟ್ಟಿಯಾಗಿ ಅರೆಯಿರಿ. ಮೀನಿನ ಎರಡು ಬದಿಗೂ ಮೂರು ಮೂರು ಗೀರು ಹಾಕಿ ಮಸಾಲೆ ಸವರಿ, ಕುಕ್ಕರಿನಲ್ಲಿ ಅನ್ನ ಆಗುವ ತನಕ ಬಿಡಿ. ಕಾವಲಿಗೆ ಎರಡೇ ಚಮಚ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ, ಮುಚ್ಚಳ ಮುಚ್ಚಿ ಒಂದೊಂದು ಬದಿಯನ್ನು ಐದೈದು ನಿಮಿಷ ಕಾಯಿಸಿ. ಹುಳಿ ಮತ್ತು ಮೆಣಸು ಮೀನಿನ ಮೈಗೆ ಹಿಡಿದು, ಮೀನಿನದೇ ಜಿಡ್ಡಿನಿಂದ ಹೊಳಪು ಬರುತ್ತದೆ. ಸೋಯಾ ಸಾಸಾಗಲಿ ಜೇನಾಗಲಿ ಬೇಡ. ಬಾಳೆ ಎಲೆಯಲ್ಲಿ ಸುತ್ತಿ ಕಾಯಿಸಿದರೆ ಇಷ್ಟು ಎಣ್ಣೆಯೂ ಬೇಕಾಗುವುದಿಲ್ಲ. ಜತೆಗೆ ಕುಚ್ಚಲಕ್ಕಿ ಅನ್ನ, ಹರಿವೆ ಸೊಪ್ಪಿನ ಪಲ್ಯ, ಒಂದು ಹೋಳು ಲಿಂಬೆ ಇರಲಿ. ವಿದೇಶದಲ್ಲಿರುವವರು ಇದೇ ಮಸಾಲೆಯನ್ನು ಸಾಲ್ಮನ್‌ಗೆ ಸವರಿದರೂ ಚೆನ್ನಾಗಿಯೇ ಇರುತ್ತದೆ.

ರವೆ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಅಭ್ಯಾಸವನ್ನು ಮಾತ್ರ ವಿಶೇಷ ದಿನಗಳಿಗೆ ಮೀಸಲಿಡಿ. 65 ವರ್ಷ ದಾಟಿದ ಅಮೆರಿಕನ್ನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೇಯಿಸಿದ, ಸುಟ್ಟ ಮೀನು ತಿಂದವರಲ್ಲಿ ಹೃದ್ರೋಗದ ಸಾವು ಕಡಿಮೆ ಇತ್ತು. ಕರಿದ ಮೀನು ತಿಂದವರಲ್ಲಿ ಆ ಲಾಭ ಕಾಣಲಿಲ್ಲ.

ಇವನ್ನು ಮರೆಯಬೇಡಿ

ಬಂಗುಡೆ, ಬೂತಾಯಿಗಳು ಬೇಗ ಕೆಡುತ್ತವೆ. ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಕುಳಿತ ಮೀನಿನಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ವಸ್ತುವನ್ನು ಉತ್ಪತ್ತಿ ಮಾಡುತ್ತವೆ. ಎಷ್ಟೇ ಬೇಯಿಸಿದರೂ ಅದು ನಾಶವಾಗದು. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತುರಿಕೆ, ತಲೆನೋವು, ಎದೆಬಡಿತ ಶುರುವಾಗಬಹುದು. ಹಾಗಾದರೆ ವೈದ್ಯರನ್ನು ಕಾಣಿ. ಕೊಳ್ಳುವಾಗ ಕಣ್ಣು ತಿಳಿಯಾಗಿ ಉಬ್ಬಿದೆಯೇ, ಕಿವಿರು ಕೆಂಪಾಗಿದೆಯೇ, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳುತ್ತದೆಯೇ ನೋಡಿ. ಮಂಜುಗಡ್ಡೆಯಲ್ಲಿಟ್ಟಿರುವ ಮೀನನ್ನೇ ಕೊಳ್ಳಿ. ಕರ್ನಾಟಕದಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಯೂರಿಕ್ ಆಮ್ಲ ಹೆಚ್ಚಿದ್ದು ಕೀಲು ಊದುವ ಗೌಟ್ ಕಾಯಿಲೆಯವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಇವುಗಳ ಪ್ರಮಾಣ ನಿರ್ಧರಿಸಬೇಕು. ಹೆಚ್ಚು ಪ್ರಮಾಣದ ಮೀನೆಣ್ಣೆ ಮಾತ್ರೆಗಳಿಂದ ಕೆಲವರಲ್ಲಿ ಹೃದಯದ ಬಡಿತ ತಾಳ ತಪ್ಪುವ ಅಪಾಯವಿರುವುದರಿಂದ ಅವನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ. ಚಿಕ್ಕ ಮಕ್ಕಳಿಗೆ ಮುಳ್ಳು ಬಿಡಿಸಿಯೇ ಕೊಡಿ.

ಸಸ್ಯಾಹಾರಿಗಳು ನಿರಾಶರಾಗಬೇಕಿಲ್ಲ. ಉತ್ತರ ಕರ್ನಾಟಕದ ಅಗಸಿ ಚಟ್ನಿಪುಡಿಯಲ್ಲಿ ಸಸ್ಯಮೂಲದ ಒಮೇಗಾ-3 ಇದೆ. ಅದರ ಸ್ವಲ್ಪ ಭಾಗ ಮಾತ್ರ ದೇಹದಲ್ಲಿ ಮೀನಿನಲ್ಲಿರುವಂಥ ರೂಪಕ್ಕೆ ಬದಲಾಗುತ್ತದೆ, ನಿಜ. ಆದರೂ ದಿನಕ್ಕೊಂದು ಚಮಚ ಅಗಸೆ ಊಟದಲ್ಲಿರುವುದು ಒಳ್ಳೆಯದೇ.

ಮೀನು ತಿನ್ನುವ ಮನೆಯವರಿಗೆ ನನ್ನ ಸಲಹೆ ಸ್ಪಷ್ಟ. ವಾರದ ನಡುವೆ ಎರಡು ರಾತ್ರಿಗಳನ್ನು ಇದಕ್ಕೆಂದೇ ಗೊತ್ತು ಮಾಡಿಕೊಳ್ಳಿ. ಅಂದು ಹಪ್ಪಳದ ಬಾಣಲೆ ಇಳಿಸಿ, ಬಂಗುಡೆಯ ಕಾವಲಿ ಏರಿಸಿ. ಬೂತಾಯಿ ಕೆಲವು ವರ್ಷ ರಾಶಿ ರಾಶಿ ಬೀಳುತ್ತದೆ, ಕೆಲವು ವರ್ಷ ಕಣ್ಣಿಗೇ ಬೀಳುವುದಿಲ್ಲ. ಸಿಕ್ಕ ಕಾಲದಲ್ಲಿ ಅದನ್ನು ಕಡೆಗಣಿಸಬೇಡಿ. ಆಮದು ಮೀನಿಗೆ ತೆಗೆದಿಟ್ಟ ಹಣ ಉಳಿದರೆ ಸೊಪ್ಪು, ಹಣ್ಣುಗಳಿಗೆ ಖರ್ಚು ಮಾಡಿ. ಹೃದಯಕ್ಕೆ ಅದೂ ಬೇಕು.