ಬೆಲೆ ಇಳಿಸಿ, ಬಾಗಿಲು ಮುಚ್ಚಿ...

ನಮ್ಮ ನಾರಾಯಣಪುರದಲ್ಲಿ ಎತ್ತು ಕೊಳ್ಳುವಾಗ ಹಲ್ಲಷ್ಟೇ ಅಲ್ಲ, ಮಾರುವವನ ಮನೆಯನ್ನೂ ನೋಡ್ತಾರೆ. ಹಾಗಾಗಿ 'ಶೋರೂಮ್ ಮುಚ್ಚಿ, ಎಲೆಕ್ಟ್ರಿಕ್ ಕಾರು ಅಗ್ಗ ಮಾಡಿ' ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ.

ಟೆಸ್ಲಾ ಮಾಡಹೊರಟಿದ್ದು ಇದನ್ನೇ. 2019ರ ಫೆಬ್ರವರಿ 28ರಂದು 35,000 ಡಾಲರಿನ ಮಾಡೆಲ್ 3 ಘೋಷಿಸಿ, ಹಲವು ಮಳಿಗೆ ಮುಚ್ಚಿ ಆನ್‌ಲೈನಲ್ಲೇ ಮಾರ್ತೀವಿ ಅಂದಿತು. ಹತ್ತೇ ದಿನ! ಮಾರ್ಚ್ 10ಕ್ಕೆ ಮಾತು ಬದಲು: ಹೆಚ್ಚು ಮಳಿಗೆ ಉಳಿಸ್ತೀವಿ, ಉಳಿದ ಕಾರುಗಳ ಬೆಲೆ ಸುಮಾರು ಶೇ. 3 ಏರಿಸ್ತೀವಿ!

ಬಾಗಿಲು ಹಾಕಿದ್ರೂ ಕರಾರಿನ ಬಾಡಿಗೆ ತಪ್ಪಲ್ಲ. ಬೆಲೆ ಇಳಿಸಿದ್ರೆ ನಿನ್ನೆ ಕೊಂಡವನಿಗೆ ಹೊಟ್ಟೆಯುರಿ, ನಾಳೆ ಕೊಳ್ಳುವವನು 'ಇನ್ನೂ ಇಳೀಲಿ' ಅಂತ ಕಾಯ್ತಾನೆ. ಬ್ಯಾಟರಿ ಕೈಕೊಟ್ರೆ ಜಗಳಕ್ಕಾದ್ರೂ ಬಸವಕಲ್ಯಾಣದಲ್ಲೋ ಹುಮನಾಬಾದಲ್ಲೋ ಒಂದು ಬಾಗಿಲು ಬೇಡವೇ?

ನೀವೇನಂತೀರಿ?